ಚೀಟಿಯಲ್ಲಿ ಇನ್ನೊಂದು ಸಾಲು ಬರೆಯಿರಿ, ಡಾಕ್ಟ್ರೇ

ನಾನು ರೇಡಿಯಾಲಜಿಸ್ಟ್. ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಮಲೆನಾಡಿನ ಅಂಚಿನ ಒಂದು ಊರಿನ ಆಸ್ಪತ್ರೆಯಲ್ಲಿದ್ದೇನೆ. ಇಲ್ಲಿಗೆ ಬರುವವರಿಗೆ ನಮ್ಮ ಮಷಿನ್‌ಗಳ ಬಗ್ಗೆ ತುಂಬಾ ಕುತೂಹಲ. ನಿಮ್ಮದು ಎಷ್ಟು ಸ್ಲೈಸಿನ ಸಿಟಿ, ಎಷ್ಟು ಟೆಸ್ಲಾದ ಎಂಆರ್‌ಐ ಎಂದು ಕೇಳಿಕೊಂಡು ಬರುವವರೂ ಇದ್ದಾರೆ. ಆದರೆ ರಿಪೋರ್ಟ್ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ರೋಗಿ ಮಷಿನ್ ಮೇಲೆ ಮಲಗುವ ಮೊದಲೇ ಅರ್ಧ ತೀರ್ಮಾನ ಆಗಿರುತ್ತದೆ. ಅದನ್ನು ತೀರ್ಮಾನಿಸುವುದು ನಿಮ್ಮ ಡಾಕ್ಟರು ಸ್ಕ್ಯಾನಿಂಗ್‌ಗೆ ಬರೆದುಕೊಡುವ ಚೀಟಿ.

ಆ ಚೀಟಿಯಲ್ಲಿ ಏನಿರುತ್ತದೆ? ರೋಗಿಯ ಹೆಸರು, ವಯಸ್ಸು, ಆಮೇಲೆ "ಯುಎಸ್‌ಜಿ ಅಬ್ಡೊಮೆನ್ ಅಂಡ್ ಪೆಲ್ವಿಸ್", ಅಂದರೆ ಹೊಟ್ಟೆ, ಕೆಳಹೊಟ್ಟೆಯ ಅಲ್ಟ್ರಾಸೌಂಡ್. ಬಹಳ ಸಲ ಅಷ್ಟೇ. ಕೆಲವದರಲ್ಲಿ "ಪೇನ್ ಅಬ್ಡೊಮೆನ್" ಎಂದು ಇರುತ್ತದೆ. ಎಲ್ಲಿ ನೋವು, ಯಾವಾಗಿನಿಂದ, ಜ್ವರ ಇದೆಯಾ, ಮೊದಲು ಆಪರೇಶನ್ ಆಗಿದೆಯಾ, ಏನೂ ಇಲ್ಲ. ಕೆಲವರು "ಟು ರೂಲ್ ಔಟ್ ಪ್ಯಾಥಾಲಜಿ" ಎಂದು ಬರೆಯುತ್ತಾರೆ. ಅಂದರೆ ಯಾವುದೇ ರೋಗ ಇಲ್ಲ ಎಂದು ಖಚಿತ ಮಾಡಿ ಎಂದು. ಊರಿನ ಹೆಸರು ಮಾತ್ರ ಕೊಟ್ಟು ಮನೆ ಹುಡುಕಿ ಅಂದ ಹಾಗೆ ಇದು.

ಸ್ಕ್ಯಾನ್ ಅಂದರೆ ಫೋಟೋ, ಎಲ್ಲಾ ಅದರಲ್ಲಿ ಬಂದೇ ಬರುತ್ತದೆ, ನೋಡಿ ಹೇಳೋದಷ್ಟೇ ಕೆಲಸ ಎಂದು ಜನ ಅಂದುಕೊಂಡಿದ್ದಾರೆ. ಜನರಷ್ಟೇ ಅಲ್ಲ, ಎಷ್ಟೋ ಡಾಕ್ಟರುಗಳ ಮನಸ್ಸಿನಲ್ಲೂ ಅದೇ ಇದೆ. ಹಾಗಿಲ್ಲ. ಒಂದೇ ಹೊಟ್ಟೆಯನ್ನು ಸಿಟಿಯಲ್ಲಿ ಹಲವು ರೀತಿ ತೆಗೆಯಬಹುದು. ಔಷಧಿ, ಅಂದರೆ ಕಾಂಟ್ರಾಸ್ಟ್, ಕೊಡಬೇಕಾ ಬೇಡವಾ? ಕೊಟ್ಟ ಮೇಲೆ ಎಷ್ಟು ಸೆಕೆಂಡಿಗೆ ಚಿತ್ರ ತೆಗೆಯಬೇಕು? ಇದೆಲ್ಲ ನಾವು ಏನನ್ನು ಹುಡುಕುತ್ತಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಕಿಡ್ನಿ ಕಲ್ಲು ಹುಡುಕಬೇಕಿದ್ದರೆ ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿ ಸಾಕು, ಅದೇ ಒಳ್ಳೆಯದು. ಕಾಂಟ್ರಾಸ್ಟ್ ಕಿಡ್ನಿಯಿಂದ ಮೂತ್ರಕ್ಕೆ ಇಳಿಯುತ್ತಿದ್ದಂತೆ ಅದೂ ಬಿಳಿ, ಕಲ್ಲೂ ಬಿಳಿ. ಚಿಕ್ಕ ಕಲ್ಲು ಆ ಬಿಳಿಯೊಳಗೆ ಮುಚ್ಚಿಹೋಗುತ್ತದೆ. ಚೀಟಿಯಲ್ಲಿ "ಸೊಂಟದಿಂದ ತೊಡೆಯ ಕಡೆಗೆ ಇಳಿಯುವ ನೋವು, ಕಲ್ಲಿರಬಹುದಾ?" ಎಂದು ಬರೆದಿದ್ದರೆ ಆ ವ್ಯಕ್ತಿಗೆ ಸೂಜಿ ಚುಚ್ಚುವ ಅಗತ್ಯವೇ ಬರುವುದಿಲ್ಲ. ಕಾಂಟ್ರಾಸ್ಟ್ ದುಡ್ಡೂ ಉಳಿಯುತ್ತದೆ.

ಇದಕ್ಕಿಂತ ಗಂಭೀರವಾದ ಉದಾಹರಣೆ ಕೊಡುತ್ತೇನೆ. ಬಾಣಂತಿಯೊಬ್ಬಳಿಗೆ ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ ಶುರುವಾಗುತ್ತದೆ ಅಂದುಕೊಳ್ಳಿ. ಹೆರಿಗೆಯ ನಂತರದ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಆ ಹೆಪ್ಪು ಹೃದಯದ ಮೂಲಕ ಹಾದು ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಜಾಸ್ತಿ. ಜೀವಕ್ಕೇ ಅಪಾಯ. ಅದನ್ನು ಕಾಣಬೇಕಾದರೆ ಸಿಟಿ ಪಲ್ಮನರಿ ಆಂಜಿಯೋಗ್ರಾಂ ಮಾಡಬೇಕು. ಕಾಂಟ್ರಾಸ್ಟ್ ಸರಿಯಾಗಿ ಶ್ವಾಸಕೋಶದ ರಕ್ತನಾಳದಲ್ಲಿ ತುಂಬಿರುವ ಆ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ತೆಗೆಯಬೇಕು. ಚೀಟಿಯಲ್ಲಿ "ಎಚ್‌ಆರ್‌ಸಿಟಿ ಥೊರಾಕ್ಸ್, ಬ್ರೆತ್‌ಲೆಸ್‌ನೆಸ್" (ಎದೆಯ ಸಿಟಿ, ಉಸಿರಾಟದ ತೊಂದರೆ) ಎಂದು ಮಾತ್ರ ಬಂದರೆ ನಾವು ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್ ಮಾಡುತ್ತೇವೆ. ಶ್ವಾಸಕೋಶ ಚೆನ್ನಾಗಿಯೇ ಕಾಣುತ್ತದೆ. ಹೆಪ್ಪು ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಎಂದು ಹೋಗುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅಲ್ಲಿ ಬೇಕಾಗಿದ್ದದ್ದು "ಬಾಣಂತಿ" ಅನ್ನುವ ಒಂದೇ ಪದ. ಆ ಪದ ಕಂಡಿದ್ದರೆ ನಮ್ಮ ಟೆಕ್ನಿಷಿಯನ್ ಕೂಡ ಫೋನ್ ಎತ್ತುತ್ತಿದ್ದರು.

ಫಿಟ್ಸ್ ಬರುವವರ ಎಂಆರ್‌ಐ ಕಥೆಯೂ ಹೀಗೇ. "ಎಂಆರ್‌ಐ ಬ್ರೈನ್" ಎಂದು ಬಂದರೆ ಮಾಮೂಲಿ ರೀತಿ ತೆಗೆಯುತ್ತೇವೆ. ಫಿಟ್ಸ್ ಅಂತ ಗೊತ್ತಿದ್ದರೆ ಬೇರೆ ರೀತಿ. ಮಿದುಳಿನೊಳಗೆ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಮಾತ್ರೆಗೆ ಬಗ್ಗದ ಎಷ್ಟೋ ಫಿಟ್ಸ್‌ಗಳ ಮೂಲ ಅಲ್ಲಿರುತ್ತದೆ. ಅದಕ್ಕೆ ಅಡ್ಡಲಾಗಿ ತೆಳುವಾದ ಸ್ಲೈಸುಗಳಲ್ಲಿ ಚಿತ್ರ ತೆಗೆದರೇ ಅಲ್ಲಿನ ಸಣ್ಣ ಗಾಯದ ಗುರುತು ಕಣ್ಣಿಗೆ ಬೀಳುವುದು. ಇಲ್ಲದಿದ್ದರೆ ನಾರ್ಮಲ್ ಎಂಬ ರಿಪೋರ್ಟ್ ಹಿಡಿದು ಆ ಹುಡುಗ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಇನ್ನೊಮ್ಮೆ ಎಂಆರ್‌ಐ. ಅಪ್ಪ ಇನ್ನೊಮ್ಮೆ ಸಾಲ ಮಾಡುತ್ತಾನೆ.

ಲಕ್ವ ಹೊಡೆದವರ ಸಿಟಿಯಲ್ಲಿ ಮೊದಲ ಗಂಟೆಗಳ ಗುರುತುಗಳು ತೀರಾ ಸೂಕ್ಷ್ಮ. ಬಲಗೈ ಬಲಗಾಲು ಬಿದ್ದಿದೆ, ಮಾತು ತೊದಲುತ್ತಿದೆ ಎಂದು ಚೀಟಿಯಲ್ಲಿದ್ದರೆ ನನ್ನ ಕಣ್ಣು ಮಿದುಳಿನ ಎಡಭಾಗಕ್ಕೆ ಹೋಗಿ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಎಷ್ಟು ಗಂಟೆಗೆ ಶುರುವಾಯಿತು ಅನ್ನುವುದೂ ಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಯಾವುದನ್ನು ಮೊದಲು ನೋಡಬೇಕು, ಯಾವುದು ಕಾಯಬಹುದು ಅನ್ನುವುದನ್ನೂ ನಾವು ಚೀಟಿ ನೋಡಿಯೇ ನಿರ್ಧರಿಸುವುದು.

ಮೊದಲೆಲ್ಲ ರೇಡಿಯಾಲಜಿಸ್ಟ್ ಅದೇ ಕಟ್ಟಡದಲ್ಲಿ ಇರುತ್ತಿದ್ದರು. ಅನುಮಾನ ಬಂದರೆ ವಾರ್ಡಿಗೆ ನಡೆದುಕೊಂಡು ಹೋಗಿ ರೋಗಿಯ ಹೊಟ್ಟೆ ಮುಟ್ಟಿ ನೋಡಬಹುದಿತ್ತು. ಈಗ ಎಷ್ಟೋ ಊರುಗಳಲ್ಲಿ ಸ್ಕ್ಯಾನ್ ಇಲ್ಲಿ, ರಿಪೋರ್ಟ್ ಬರೆಯುವವರು ಇನ್ನೆಲ್ಲೋ. ರಾತ್ರಿ ಎರಡು ಗಂಟೆಗೆ ತೆಗೆದ ಚಿತ್ರ ಬೇರೆ ನಗರದ ಯಾವುದೋ ಕೋಣೆಯಲ್ಲಿ ಕೂತವರ ಪರದೆ ಮೇಲೆ ತೆರೆದುಕೊಳ್ಳುತ್ತದೆ. ಟೆಲಿರೇಡಿಯಾಲಜಿಯಿಂದ ದೊಡ್ಡ ಉಪಕಾರ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕೂತವರಿಗೆ ರೋಗಿಯ ಮುಖ ಕಾಣುವುದಿಲ್ಲ. ಅವರ ಕೈಗೆ ಸಿಗುವುದು ಆ ಚೀಟಿಯ ಸ್ಕ್ಯಾನ್ ಪ್ರತಿ ಒಂದೇ.

ಒಂದು ಚೀಟಿ ಮಾತ್ರ ನಮ್ಮ ದೇಶದಲ್ಲಿ ಎಂದೂ ಖಾಲಿ ಬರುವುದಿಲ್ಲ. ಗರ್ಭಿಣಿಯ ಸ್ಕ್ಯಾನಿಂಗ್. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಪ್ರತಿ ಗರ್ಭಿಣಿಗೂ ಫಾರ್ಮ್ ಎಫ್ ತುಂಬಲೇಬೇಕು. ಯಾರು ಕಳಿಸಿದ್ದು, ಎಷ್ಟು ವಾರ, ಯಾವ ಕಾರಣಕ್ಕೆ ಸ್ಕ್ಯಾನ್ ಎಂದು ಬರೆಯಬೇಕು. ಇಪ್ಪತ್ತಕ್ಕೂ ಹೆಚ್ಚು ಕಾರಣಗಳ ಪಟ್ಟಿಯೇ ಅದರಲ್ಲಿದೆ. ಡಾಕ್ಟರು ಕಳಿಸಿದ ಚೀಟಿಯನ್ನೂ ಜೋಡಿಸಿ ಇಡಬೇಕು. ಹೆಣ್ಣು ಭ್ರೂಣ ಹತ್ಯೆ ತಡೆಯಲು ಬಂದ ಕಾನೂನು ಇದು, ಉದ್ದೇಶ ಬೇರೆ. ಆದರೆ ಇದರಿಂದ ನನಗೊಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. "ನಮ್ಮ ಒಪಿಡಿಯ ಗಲಾಟೆಯಲ್ಲಿ ಬರೆಯೋಕೆ ಪುರುಸೊತ್ತಿಲ್ಲ" ಅನ್ನುವ ಮಾತು ಪೂರ್ತಿ ನಿಜವಲ್ಲ. ಅದೇ ಒಪಿಡಿ, ಅದೇ ಗಲಾಟೆ. ಬರೆಯಲೇಬೇಕು ಎಂದಾಗ ಬರೆಯುತ್ತೇವೆ. ಪಕ್ಕದ ಹಾಸಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿರುವ ಅರುವತ್ತರ ಅಜ್ಜನಿಗೂ ಯಾವ ಕಾರಣಕ್ಕೆ ಸ್ಕ್ಯಾನ್ ಎಂದು ಒಂದು ಸಾಲು ಸಿಗಬೇಕು, ಅಲ್ವಾ?

ಇಷ್ಟು ಹೊತ್ತು ಹೇಳಿದ್ದು ಸ್ಕ್ಯಾನ್ ಬೇಕೇ ಬೇಕಾದವರ ಬಗ್ಗೆ. ಇನ್ನೊಂದು ಕಡೆ ಇದೆ. ಬೇಕಿಲ್ಲದೇ ಬರುವ ಸ್ಕ್ಯಾನ್.

ಸೊಂಟನೋವಿನ ಎಂಆರ್‌ಐ ಅದರಲ್ಲಿ ಮೊದಲನೆಯದು. ಅಡಿಕೆ ತೋಟದ ಕೆಲಸ ಮಾಡುವವರು, ಗದ್ದೆ ನಾಟಿಗೆ ಬಗ್ಗುವವರು, ದಿನವಿಡೀ ಬೈಕ್ ಓಡಿಸುವವರು, ಕಂಪ್ಯೂಟರ್ ಮುಂದೆ ಕೂರುವವರು, ಎಲ್ಲರಿಗೂ ಬರುತ್ತದೆ. ಬಹುತೇಕ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅಪಾಯದ ಗುರುತುಗಳಿಲ್ಲದಿದ್ದರೆ ಮೊದಲ ಆರು ವಾರ ಚಿತ್ರ ತೆಗೆಸಬೇಡಿ ಎಂದು ಜಗತ್ತಿನ ಎಷ್ಟೋ ವೈದ್ಯ ಸಂಘಗಳು ಹೇಳುತ್ತವೆ. ಅಮೆರಿಕದಲ್ಲಿ 2012ರಲ್ಲಿ ಅನಗತ್ಯ ಪರೀಕ್ಷೆಗಳನ್ನು ಕಡಿಮೆ ಮಾಡಲು ಶುರುವಾದ ಚೂಸಿಂಗ್ ವೈಸ್ಲಿ ಅನ್ನುವ ಅಭಿಯಾನದ ಪಟ್ಟಿಯಲ್ಲೂ ಇದು ಇತ್ತು. ಅಪಾಯದ ಗುರುತು ಅಂದರೆ: ಕಾಲಿನ ಶಕ್ತಿ ಕುಂದುತ್ತಿರುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಮರಗಟ್ಟುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದು ಪೆಟ್ಟಾಗಿರುವುದು. ನಮ್ಮ ಕಡೆ ಬೆನ್ನುಮೂಳೆಯ ಕ್ಷಯವನ್ನೂ ಮರೆಯುವ ಹಾಗಿಲ್ಲ. ಇವುಗಳಲ್ಲಿ ಒಂದಿದ್ದರೂ ಆರು ವಾರ ಕಾಯಬಾರದು. ಅವತ್ತೇ ಕಳಿಸಿ, ಮತ್ತು ಯಾವ ಗುರುತು ಅನ್ನುವುದನ್ನು ದಯವಿಟ್ಟು ಚೀಟಿಯಲ್ಲಿ ಬರೆಯಿರಿ.

ಇವ್ಯಾವೂ ಇಲ್ಲದವರಿಗೆ ಎಂಆರ್‌ಐ ಮಾಡಿದರೆ ಏನಾಗುತ್ತದೆ? ಏನೋ ಒಂದು ಕಂಡೇ ಕಾಣುತ್ತದೆ. 2015ರಲ್ಲಿ ಅಮೆರಿಕದ ರೇಡಿಯಾಲಜಿ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿಶ್ಲೇಷಣೆ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಸೊಂಟನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಇಪ್ಪತ್ತರ ವಯಸ್ಸಿನವರಲ್ಲೇ 30 ಶೇಕಡಾ ಜನರ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ಎಂಬತ್ತರವರಲ್ಲಿ 84 ಶೇಕಡಾ. ಡಿಸ್ಕ್ ಸವೆತ ಇಪ್ಪತ್ತರವರಲ್ಲಿ 37 ಶೇಕಡಾ, ಎಂಬತ್ತರವರಲ್ಲಿ 96 ಶೇಕಡಾ. ಇವರ್‍ಯಾರಿಗೂ ನೋವಿರಲಿಲ್ಲ! ತಲೆಗೂದಲು ನೆರೆಯುವಷ್ಟೇ ಸಹಜವಾದದ್ದನ್ನು ನಾವು ರಿಪೋರ್ಟಿನಲ್ಲಿ "ಎಲ್4-ಎಲ್5 ಡಿಸ್ಕ್ ಬಲ್ಜ್" ಎಂದು ಬರೆಯುತ್ತೇವೆ. ಓದಿದವರ ಮನೆಯಲ್ಲಿ ಅದು ರೋಗದ ಹೆಸರಾಗುತ್ತದೆ.

ಇದರ ಪರಿಣಾಮ ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಒಬ್ಬ ಯಜಮಾನರು, ಐವತ್ತರ ಆಸುಪಾಸಿನವರು, ಹಳೆಯ ಎಂಆರ್‌ಐ ಕವರ್ ಹಿಡಿದುಕೊಂಡು ಬಂದಿದ್ದರು. "ಮೇಡಂ, ನನ್ನ ಡಿಸ್ಕ್ ಸರಿದಿದೆ ಅಂದ್ರು. ಭಾರ ಎತ್ತಲೇಬಾರ್ದು ಅಂದ್ರು. ತೋಟದ ಕೆಲ್ಸ ಬಿಟ್ಟೆ" ಎಂದರು. ಚಿತ್ರ ನೋಡಿದೆ. ಆ ವಯಸ್ಸಿಗೆ ಇರಬೇಕಾದ ಬೆನ್ನು. ಯಾವ ನರವೂ ಒತ್ತಿರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತದ್ದರಿಂದಲೇ ಅವರ ಬೆನ್ನು ಇನ್ನಷ್ಟು ಬಿಗಿದುಕೊಂಡಿತ್ತು. ಹೀಗೆ ಒಂದು ಸ್ಕ್ಯಾನ್ ಒಬ್ಬ ಆರೋಗ್ಯವಂತ ಮನುಷ್ಯನನ್ನು ರೋಗಿ ಮಾಡಿ ಕೂರಿಸಬಲ್ಲದು. ಎಂಆರ್‌ಐಯಲ್ಲಿ ವಿಕಿರಣ ಇಲ್ಲ, ಮಾಡಿಸಿದರೆ ನಷ್ಟವೇನು ಅನ್ನುವವರಿಗೆ ನನ್ನ ಉತ್ತರ ಈ ಯಜಮಾನರು.

ಹೀಗೆ ಹುಡುಕಿ ತೆಗೆಯುವುದರ ಬಹುದೊಡ್ಡ ಪಾಠ ದಕ್ಷಿಣ ಕೊರಿಯಾದಲ್ಲಿ ನಡೆಯಿತು. ಅಲ್ಲಿ ಹೆಲ್ತ್ ಚೆಕಪ್ ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ಮಾಡಿಸುವುದು ಜೋರಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದದ್ದಕ್ಕಿಂತ 15 ಪಟ್ಟಾಗಿತ್ತು. ಥೈರಾಯ್ಡ್ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಷ್ಟೇ ಇತ್ತು. ಅಂದರೆ ಎಂದೂ ತೊಂದರೆ ಕೊಡದ ಸಣ್ಣ ಗಂಟುಗಳಿಗೆ ಸಾವಿರಾರು ಜನ ಥೈರಾಯ್ಡ್ ತೆಗೆಸಿಕೊಂಡರು, ಜೀವನವಿಡೀ ಮಾತ್ರೆ ನುಂಗುವವರಾದರು. ನಮ್ಮಲ್ಲೂ ಈಗ ಹಬ್ಬದ ಆಫರ್ ಥರ "ಫುಲ್ ಬಾಡಿ ಸ್ಕ್ಯಾನ್" ಬಂದಿದೆ. ಯಾವ ತೊಂದರೆಯೂ ಇಲ್ಲದವರು ಸುಮ್ನೆ ಮಾಡಿಸಿಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಮನೆಯವರಿಗೂ ಮಾಡಿಸಿಲ್ಲ.

ವಿಕಿರಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.02 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ). ತಲೆಯ ಸಿಟಿಗೆ 2ರ ಆಸುಪಾಸು. ಹೊಟ್ಟೆಯ ಸಿಟಿಗೆ 8ರಿಂದ 10. ನಾವೆಲ್ಲ ಭೂಮಿಯಿಂದ, ಗಾಳಿಯಿಂದ, ಆಕಾಶದಿಂದ ಪ್ರತಿ ವರ್ಷ ಸಹಜವಾಗಿ ಪಡೆಯುವುದು ಜಾಗತಿಕ ಸರಾಸರಿಯಲ್ಲಿ 2.4. ಹೊಟ್ಟೆಯ ಸಿಟಿ ಅಂದರೆ ಮೂರು ನಾಲ್ಕು ವರ್ಷದ ಸಹಜ ವಿಕಿರಣ ಒಂದೇ ಸಲ ಸಿಕ್ಕ ಹಾಗೆ. ಬೇಕಾದವರಿಗೆ ಇದು ಹೆದರುವ ವಿಷಯವೇ ಅಲ್ಲ. ಕರುಳು ತೂತಾಗಿರುವವರಿಗೆ ಸಿಟಿ ಜೀವ ಉಳಿಸುತ್ತದೆ. ಆದರೆ ಮಕ್ಕಳ ವಿಷಯದಲ್ಲಿ ತುಸು ಹೆಚ್ಚು ಯೋಚಿಸಬೇಕು. ಅವರ ದೇಹ ಬೆಳೆಯುತ್ತಿರುತ್ತದೆ, ಮುಂದೆ ಬದುಕಬೇಕಾದ ವರ್ಷಗಳೂ ಜಾಸ್ತಿ. ಮಗುವಿಗೆ ಅಪೆಂಡಿಕ್ಸ್ ಅನುಮಾನ ಬಂದರೆ ಮೊದಲು ಅಲ್ಟ್ರಾಸೌಂಡ್ ಮಾಡಿ ಎನ್ನುವುದು ಇದಕ್ಕೇ.

ಕೋವಿಡ್ ಕಾಲ ನೆನಪಿದೆಯಲ್ಲ? 2021ರ ಏಪ್ರಿಲ್-ಮೇ ತಿಂಗಳಲ್ಲಿ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದದ್ದು "ಸಿಟಿ ಸ್ಕೋರ್ ಎಷ್ಟು?" ಎಂದು, ಅಂದರೆ ಶ್ವಾಸಕೋಶಕ್ಕೆ ಎಷ್ಟು ಹಾನಿಯಾಗಿದೆ ಎಂಬ ಅಂಕ. ಸ್ವಲ್ಪ ಕೆಮ್ಮಿದವರೂ ಚೀಟಿಯೇ ಇಲ್ಲದೆ ಸ್ಕ್ಯಾನಿಂಗ್ ಸೆಂಟರ್ ಮುಂದೆ ನಿಂತಿದ್ದರು. ರಾಜ್ಯ ಸರ್ಕಾರ ಸಿಟಿಗೆ ದರ ಮಿತಿ ಹಾಕಬೇಕಾಯಿತು. ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು ಒಂದು ಸಿಟಿ 300-400 ಎಕ್ಸ್‌ರೇಗೆ ಸಮ ಎಂದರು. ಈಗಿನ ಮಷಿನ್‌ಗಳಲ್ಲಿ ಎದೆಯ ಸಿಟಿಯ ವಿಕಿರಣ ಅಷ್ಟಿಲ್ಲ ಎಂದು ನಮ್ಮ ರೇಡಿಯಾಲಜಿಸ್ಟರ ಸಂಘ ಆಕ್ಷೇಪ ಎತ್ತಿತು. ಸಂಖ್ಯೆಯ ಜಗಳದಲ್ಲಿ ಗುಲೇರಿಯಾ ಅವರು ಹೇಳಿದ ಮುಖ್ಯ ಮಾತು ಕಳೆದುಹೋಯಿತು. ಲಕ್ಷಣ ಸೌಮ್ಯವಾಗಿದ್ದವರಿಗೆ ಸಿಟಿ ಬೇಡ, ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ ಎಂದಿದ್ದರು. ಅದು ಸರಿಯಾಗಿಯೇ ಇತ್ತು.

ಹಾಗಾದರೆ ಡಾಕ್ಟರುಗಳು ಯಾಕೆ ಬರೆಯುತ್ತಾರೆ? "ದುಡ್ಡಿಗೆ" ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುವವರಿದ್ದಾರೆ. ಕಟ್ ಅನ್ನುವುದು ಇದೆ, ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ರೋಗಿಯನ್ನು ಪರೀಕ್ಷೆಗೆ ಕಳಿಸಿದ್ದಕ್ಕೆ ಕಮಿಷನ್ ಕೊಡುವುದು, ಪಡೆಯುವುದು ಎರಡೂ ತಪ್ಪು ಎಂದು 2002ರ ವೈದ್ಯ ನೀತಿ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಅದು ಕಾಗದದ ಮೇಲೆ ಇದ್ದರೆ ಸಾಲದು, ಕಟ್ಟುನಿಟ್ಟಾಗಿ ಜಾರಿಗೆ ಬರಬೇಕು. ಆದರೆ ಕಮಿಷನ್ ಸುಳಿವೇ ಇಲ್ಲದ ಸರ್ಕಾರಿ ಆಸ್ಪತ್ರೆಯಲ್ಲೂ ಖಾಲಿ ಚೀಟಿ, ಅನಗತ್ಯ ಸ್ಕ್ಯಾನ್ ಎರಡೂ ಇವೆ. ಅಲ್ಲಿ ಕೆಲಸ ಮಾಡುವುದು ಹೆದರಿಕೆ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯ್ದೆಯೊಳಗೆ ತಂದಿತು. ರೋಗಿಗೆ ಅದು ನ್ಯಾಯವೇ. ಜೊತೆಗೆ "ಒಂದು ಸ್ಕ್ಯಾನ್ ಮಾಡಿಸಿಟ್ಟಿರಲಿ" ಅನ್ನುವ ಅಭ್ಯಾಸವೂ ಬೆಳೆಯಿತು. ರೋಗಿಯ ಕಡೆಯವರೂ ಬಿಡುವುದಿಲ್ಲ. "ಬರೀ ಕೈಯಲ್ಲಿ ಮುಟ್ಟಿ ನೋಡಿ ಕಳಿಸಿದ್ರು" ಎಂದು ದೂರುವವರನ್ನು ನಾನೇ ಕೇಳಿದ್ದೇನೆ. ಮುಟ್ಟಿ ನೋಡುವುದಕ್ಕೇ ನಿಜವಾದ ಓದು, ಅನುಭವ ಬೇಕು ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು?

ನಮ್ಮ ರೇಡಿಯಾಲಜಿಯವರ ಪಾಲೂ ಇದರಲ್ಲಿ ದೊಡ್ಡದು. ರಿಪೋರ್ಟಿನ ಕೊನೆಗೆ "ಕ್ಲಿನಿಕಲ್ ಕೊರಿಲೇಶನ್ ಸಜೆಸ್ಟೆಡ್" ಎಂಬ ಸಾಲು ನೋಡಿರುತ್ತೀರಿ. ರೋಗಿಯ ಲಕ್ಷಣದ ಜೊತೆ ತಾಳೆ ನೋಡಿ ಎಂದರ್ಥ. ಲಕ್ಷಣ ಏನು ಎಂದು ನಮಗೆ ಯಾರೂ ಹೇಳದಿದ್ದಾಗ ನಾವು ಬರೆಯುವ ಸಾಲು ಅದು. ಖಾಲಿ ಚೀಟಿಗೆ ಖಾಲಿ ಉತ್ತರ. ಇನ್ನು ಕೆಲವರು ಅನುಮಾನ ಬಂದಲ್ಲೆಲ್ಲ "ಎಂಆರ್‌ಐ ಮಾಡಿಸಿ" ಎಂದು ಸೇರಿಸುತ್ತಾರೆ. ಕಳಿಸಿದ ಡಾಕ್ಟರು ಅದನ್ನು ನೋಡಿಯೂ ಮಾಡಿಸದಿರಲು ಧೈರ್ಯ ಎಲ್ಲಿಂದ ತರಬೇಕು? ಹೀಗೆ ಒಂದು ಸ್ಕ್ಯಾನ್ ಇನ್ನೊಂದನ್ನು ಹುಟ್ಟಿಸುತ್ತಾ ಹೋಗುತ್ತದೆ.

ಬೇರೆ ದೇಶಗಳಲ್ಲಿ ಇದಕ್ಕೆ ಏನು ಮಾಡಿದರು ಎಂದು ಓದುತ್ತಾ ಹೋದಾಗ ನನಗೆ ತುಂಬಾ ಹಿಡಿಸಿದ್ದು ಬ್ರಿಟನ್‌ನ ಒಂದು ಪ್ರಯೋಗ. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಕುಟುಂಬ ವೈದ್ಯರು ಸೊಂಟ ಮತ್ತು ಮಂಡಿಯ ಎಕ್ಸ್‌ರೇಗಳನ್ನು ಅತಿಯಾಗಿ ಬರೆಯುವುದನ್ನು ಕಡಿಮೆ ಮಾಡಬೇಕಿತ್ತು. ಎರಡು ದಾರಿ ಪ್ರಯತ್ನಿಸಿದರು. ಒಂದು, ನೀವು ಇಷ್ಟು ಎಕ್ಸ್‌ರೇ ಬರೆದಿದ್ದೀರಿ ಎಂದು ಆಗಾಗ ಅಂಕಿಅಂಶ ಕಳಿಸುವುದು. ಅದರಿಂದ ಹೆಚ್ಚೇನೂ ಆಗಲಿಲ್ಲ. ಇನ್ನೊಂದು, ಪ್ರತಿ ಎಕ್ಸ್‌ರೇ ರಿಪೋರ್ಟಿನ ಕೆಳಗೆ, ಯಾವ ಸಂದರ್ಭದಲ್ಲಿ ಈ ಎಕ್ಸ್‌ರೇ ಅಗತ್ಯವಿಲ್ಲ ಎಂದು ಚಿಕ್ಕದಾಗಿ ಒಂದು ವಾಕ್ಯ ಸೇರಿಸುವುದು. ಎಕ್ಸ್‌ರೇ ಬರೆಯುವುದು ಸುಮಾರು 20 ಶೇಕಡಾ ಕಡಿಮೆಯಾಯಿತು! ಬೈಗುಳವಿಲ್ಲ, ದಂಡವಿಲ್ಲ, ದುಬಾರಿ ಸಾಫ್ಟ್‌ವೇರ್ ಇಲ್ಲ. ಸರಿಯಾದ ಹೊತ್ತಿನಲ್ಲಿ ಸರಿಯಾದ ಮನುಷ್ಯನ ಕಣ್ಣಿಗೆ ಬಿದ್ದ ಒಂದು ವಾಕ್ಯ, ಅಷ್ಟೇ.

ಒಂದು ವಾಕ್ಯದಿಂದ ಎಲ್ಲವೂ ಆಗುತ್ತದೆ ಎಂದಲ್ಲ. ಅಮೆರಿಕದಲ್ಲಿ ಸೊಂಟದ ರಿಪೋರ್ಟುಗಳಲ್ಲಿ "ನೋವಿಲ್ಲದವರಲ್ಲೂ ಇದು ಇಷ್ಟು ಜನರಲ್ಲಿ ಕಾಣುತ್ತದೆ" ಎಂದು ಸೇರಿಸಿ ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಮುಂದಿನ ಚಿಕಿತ್ಸೆಗಳ ಒಟ್ಟು ಪ್ರಮಾಣ ಕಡಿಮೆಯಾಗಲಿಲ್ಲ. ಬಲವಾದ ನೋವಿನ ಮಾತ್ರೆ ಬರೆಯುವುದು ಮಾತ್ರ ತುಸು ಇಳಿಯಿತು. ಸ್ಕ್ಯಾನ್ ಆಗಿಹೋದ ಮೇಲೆ ಸಮಾಧಾನ ಹೇಳಿದರೆ ಅದರ ಕೆಲಸ ಸ್ವಲ್ಪವೇ ಎಂದು ನಾನು ಇದರಿಂದ ಅರ್ಥ ಮಾಡಿಕೊಂಡಿದ್ದೇನೆ. ಬರೆಯುವ ಮೊದಲು ತಡೆಯಬೇಕು. ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯವರು ಅದನ್ನೇ ಮಾಡಿದರು. ಕಂಪ್ಯೂಟರಿನಲ್ಲಿ ಸ್ಕ್ಯಾನ್ ಬರೆಯುವಾಗಲೇ ಕಾರಣ ಕೇಳಿ, ಕಾರಣ ಹೊಂದದಿದ್ದರೆ ಮುಂದೆ ಹೋಗದ ಹಾಗೆ ಮಾಡಿದರು. ಸೊಂಟದ ಎಂಆರ್‌ಐ, ತಲೆನೋವಿಗೆ ತಲೆಯ ಎಂಆರ್‌ಐ, ಸೈನಸ್ ಸಿಟಿ, ಮೂರೂ ಹೆಚ್ಚುಕಡಿಮೆ ಕಾಲು ಭಾಗದಷ್ಟು ಇಳಿದವು. ಬ್ರಿಟನ್‌ನಲ್ಲಂತೂ ಇದು ಕಾನೂನೇ. ಚೀಟಿ ಬರೆಯುವವರು ಸಾಕಷ್ಟು ಮಾಹಿತಿ ಕೊಡಬೇಕು. ಈ ವಿಕಿರಣ ಈ ವ್ಯಕ್ತಿಗೆ ಬೇಕೇ ಎಂದು ಹೊಣೆ ಹೊತ್ತು ಒಪ್ಪುವವರು ಒಬ್ಬರು ಇರಬೇಕು. ಮಾಹಿತಿ ಇಲ್ಲದಿದ್ದರೆ ಚೀಟಿ ವಾಪಸ್.

ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಡಾ. ಇಯಾನ್ ಸ್ಟೀಲ್ ಮತ್ತು ಜೊತೆಗಾರರು ಪಾದ ಉಳುಕಿದವರಿಗೆ ಮಾಡಿದ ನಿಯಮ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೇಳಿ ಮಾಡಿಸಿದಂತಿದೆ. ಕಣಕಾಲಿನ ಎರಡೂ ಬದಿಯ ಗೆಣ್ಣಿನ ಹಿಂಬದಿ ಅಥವಾ ತುದಿಯ ಮೂಳೆ ಒತ್ತಿದರೆ ನೋವಿದೆಯಾ? ಪೆಟ್ಟು ಬಿದ್ದಾಗಲೂ ಈಗಲೂ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವಾ? ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ಇಡಲೂ ಆಗುತ್ತದೆ ಎಂದರೆ ಕಣಕಾಲಿನ ಎಕ್ಸ್‌ರೇ ಬೇಡ. ಎರಡು ಬೆರಳು, ನಾಲ್ಕು ಹೆಜ್ಜೆ. ಹತ್ತಿರದ ಎಕ್ಸ್‌ರೇಗೆ ಬಸ್ಸು ಹಿಡಿದು ಹೋಗಬೇಕಾದ ಊರಿನಲ್ಲಿ ಇದರ ಬೆಲೆ ಏನು ಎಂದು ಯೋಚಿಸಿ.

ನಮ್ಮಲ್ಲಿ ನಾವು ಮಾಡಿದ್ದು ಚಿಕ್ಕ ಕೆಲಸ. ಚೀಟಿಯ ಫಾರಂ ಬದಲಾಯಿಸಿದೆವು. ಏನು ತೊಂದರೆ, ಎಷ್ಟು ದಿನದಿಂದ, ಯಾವ ಕಡೆ? ನಿಮ್ಮ ಅನುಮಾನ ಏನು? ಹಿಂದೆ ಆಪರೇಶನ್ ಅಥವಾ ಸ್ಕ್ಯಾನ್ ಆಗಿದೆಯಾ? ಹೆಣ್ಣುಮಕ್ಕಳಿಗೆ ಕೊನೆಯ ಮುಟ್ಟು ಯಾವಾಗ? ಕಾಂಟ್ರಾಸ್ಟ್ ಬೇಕಿದ್ದರೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಎಷ್ಟು? ಕೆಳಗೆ ರಿಪೋರ್ಟಿಂಗ್ ರೂಮಿನ ಫೋನ್ ನಂಬರ್. ಖಾಲಿ ಬಿಟ್ಟ ಚೀಟಿ ಬಂದರೆ ಟೆಕ್ನಿಷಿಯನ್ ತಾವೇ ವಾರ್ಡಿಗೆ ಫೋನ್ ಮಾಡಿ ಕೇಳಬಹುದು ಎಂದು ಹೇಳಿದೆವು. ಇದು ಸುಲಭವಾಗಿರಲಿಲ್ಲ. "ನಾನು ಬರೆದದ್ದನ್ನು ಟೆಕ್ನಿಷಿಯನ್ ಪ್ರಶ್ನೆ ಮಾಡೋದಾ?" ಎಂದು ಸಿಟ್ಟಾದವರಿದ್ದರು. ಅವರಲ್ಲಿ ಕೆಲವರು ಈಗ ತಾವೇ ಫೋನ್ ಮಾಡಿ "ಮೇಡಂ, ಇದಕ್ಕೆ ಸಿಟಿ ಬೇಕಾ, ಅಲ್ಟ್ರಾಸೌಂಡ್ ಸಾಕಾ?" ಎಂದು ಕೇಳುತ್ತಾರೆ. ಆ ಫೋನ್ ಬಂದರೆ ನನಗೆ ನಿಜವಾಗಿ ಖುಷಿ. ರಾತ್ರಿ ಪಾಳಿಯ ಚೀಟಿಗಳು ಮಾತ್ರ ಇನ್ನೂ ಅರ್ಧ ಖಾಲಿಯೇ ಬರುತ್ತವೆ.

ಚೀಟಿ ಬರೆಯುವವರು ಹೆಚ್ಚಾಗಿ ಹೌಸ್ ಸರ್ಜನ್‌ಗಳು, ಅಂದರೆ ಇನ್ನೂ ತರಬೇತಿಯಲ್ಲಿರುವ ಕಿರಿಯ ಡಾಕ್ಟರುಗಳು. ದೊಡ್ಡ ಡಾಕ್ಟರು ರೌಂಡ್ಸ್‌ನಲ್ಲಿ "ಇವರಿಗೊಂದು ಸಿಟಿ" ಎಂದು ಹೇಳಿ ಮುಂದೆ ಹೋಗುತ್ತಾರೆ. ಯಾಕೆ ಎಂದು ಈ ಮಕ್ಕಳಿಗೆ ಗೊತ್ತಿರುವುದಿಲ್ಲ, ಕೇಳುವ ಧೈರ್ಯವೂ ಇರುವುದಿಲ್ಲ. ಒಬ್ಬ ಹುಡುಗ ನನ್ನನ್ನೇ ನೇರವಾಗಿ ಕೇಳಿದ: "ಮೇಡಂ, ರೋಗ ಏನು ಅಂತ ಗೊತ್ತಿದ್ರೆ ಸ್ಕ್ಯಾನ್ ಯಾಕೆ ಬರೀತಿದ್ವಿ?" ಒಳ್ಳೆಯ ಪ್ರಶ್ನೆ. ರೋಗದ ಹೆಸರು ಬರೆಯಬೇಕಿಲ್ಲಪ್ಪ ಎಂದೆ. ಏನಿರಬಹುದು ಎಂಬ ನಿನ್ನ ಅನುಮಾನ ಬರಿ. ಅದು ಇದ್ದರೆ ಏನು ಮಾಡುತ್ತೀರಿ, ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ನಿನಗೆ ನೀನೇ ಕೇಳಿಕೋ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಸ್ಕ್ಯಾನ್ ಯಾಕೆ ಎಂದು ನಿನ್ನ ದೊಡ್ಡ ಡಾಕ್ಟರನ್ನು ಕೇಳು. ಅನುಮಾನ ತಪ್ಪಾದರೆ ನಾನು ನಗುವುದಿಲ್ಲ.

ಆಮೇಲೆ ಅವನಿಂದ ಬಂದ ಒಂದು ಚೀಟಿ ನೆನಪಿದೆ. ಹತ್ತೊಂಬತ್ತರ ಹುಡುಗಿ, ಬಲ ಕೆಳಹೊಟ್ಟೆಯಲ್ಲಿ ಬೆಳಿಗ್ಗೆಯಿಂದ ಬಿಟ್ಟು ಬಿಟ್ಟು ಬರುವ ಜೋರು ನೋವು, ವಾಂತಿ, ಜ್ವರ ಇಲ್ಲ, ಮೊದಲೂ ಒಮ್ಮೆ ಹೀಗೆ ಆಗಿತ್ತು, ಅಪೆಂಡಿಕ್ಸಾ ಅಂಡಾಶಯ ತಿರುಚಿದೆಯಾ? ಮೊದಲು ಸಿಟಿ ಎಂದು ಬರೆದು, ಹೊಡೆದುಹಾಕಿ, ಅಲ್ಟ್ರಾಸೌಂಡ್ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಎಂದು ಬರೆದಿದ್ದ. ಅಂಡಾಶಯವೇ ತಿರುಚಿತ್ತು. ತಿರುಚಿದ ಅಂಡಾಶಯ ಉಳಿಯಬೇಕಾದರೆ ಗಂಟೆಗಳು ಮುಖ್ಯ. ಸರದಿಯಲ್ಲಿ ಕಾಯಿಸದೆ ಅವಳನ್ನು ಮುಂದೆ ಕರೆದದ್ದು ಆ ಚೀಟಿ ನೋಡಿಯೇ.

ರೋಗಿಗಳಾಗಿ ನೀವು ಮಾಡಬಹುದಾದದ್ದೂ ಇದೆ. ಸ್ಕ್ಯಾನಿಂಗ್‌ಗೆ ಬರೆದುಕೊಟ್ಟಾಗ "ಇದರಲ್ಲಿ ಏನು ನೋಡ್ತೀರಿ ಡಾಕ್ಟ್ರೇ? ಇದ್ರಿಂದ ನನ್ನ ಔಷಧಿ ಬದಲಾಗುತ್ತಾ?" ಎಂದು ಮೆಲ್ಲಗೆ ಕೇಳಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಹಳೆಯ ಸ್ಕ್ಯಾನ್‌ಗಳನ್ನು, ರಿಪೋರ್ಟ್ ಮಾತ್ರವಲ್ಲ ಫಿಲ್ಮ್ ಅಥವಾ ಸಿಡಿ ಸಮೇತ, ತಪ್ಪದೆ ತನ್ನಿ. ಹೋದ ವರ್ಷವೂ ಇದೇ ಗಾತ್ರದ ಗಂಟು ಇತ್ತು ಎಂದು ಗೊತ್ತಾದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಟ್ಟು ತಪ್ಪಿದ್ದರೆ, ಗರ್ಭಿಣಿ ಇರಬಹುದು ಎಂಬ ಸಣ್ಣ ಅನುಮಾನವಿದ್ದರೂ, ಎಕ್ಸ್‌ರೇ ಅಥವಾ ಸಿಟಿ ರೂಮಿಗೆ ಹೋಗುವ ಮೊದಲೇ ಹೇಳಿ. ಎದೆಯಲ್ಲಿ ಪೇಸ್‌ಮೇಕರ್, ತಲೆಯಲ್ಲಿ ಕ್ಲಿಪ್, ಕಿವಿಯಲ್ಲಿ ಇಂಪ್ಲಾಂಟ್ ಇದ್ದರೆ ಎಂಆರ್‌ಐ ಕೋಣೆಯ ಬಾಗಿಲಲ್ಲಿ ಕೇಳುವವರೆಗೂ ಕಾಯಬೇಡಿ. ಕಿಡ್ನಿ ತೊಂದರೆ ಇದ್ದರೆ, ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಕಾಂಟ್ರಾಸ್ಟ್ ಕೊಟ್ಟಾಗ ಮೈಮೇಲೆ ಗಂಧೆ ಎದ್ದಿದ್ದರೆ ಅದನ್ನೂ ಹೇಳಿ. ಚೀಟಿಯಲ್ಲಿ ಏನೂ ಬರೆದಿಲ್ಲ ಎಂದು ಕಂಡರೆ ಸ್ಕ್ಯಾನ್ ಮಾಡುವವರಿಗೆ ನೀವೇ ನಿಮ್ಮ ಮಾತಿನಲ್ಲಿ ಹೇಳಿ: ಎಲ್ಲಿ ನೋವು, ಎಂದಿನಿಂದ, ಏನು ಮಾಡಿದರೆ ಜಾಸ್ತಿಯಾಗುತ್ತದೆ. ನಾವು ಬರೆದುಕೊಳ್ಳುತ್ತೇವೆ.